ಎದೆಹಾಲು ಕುಡಿಯುವ ಕೂಸಿಗೆ ಟಾನಿಕ್ ಬೇಕೆ?

ಮೊನ್ನೆ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಾಣಂತಿಯೊಬ್ಬಳು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದಳು. ಜೊತೆಯಲ್ಲಿ ಅವಳ ತಾಯಿ. ಆಕೆಯ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಮಗುವನ್ನು ಪರೀಕ್ಷಿಸುವ ಮೊದಲೇ ಅಜ್ಜಿ ಆ ಚೀಲವನ್ನು ಮೇಜಿನ ಮೇಲೆ ಸುರಿದರು. ಆರು ಬಾಟಲಿಗಳು! ಒಂದು ಮಲ್ಟಿವಿಟಮಿನ್ ಡ್ರಾಪ್ಸ್, ಒಂದು ಕ್ಯಾಲ್ಸಿಯಂ, ಒಂದು ಕಬ್ಬಿಣದ ಟಾನಿಕ್, ಒಂದು ಹಸಿವು ಹೆಚ್ಚಿಸುವ ಔಷಧಿ, ಒಂದು ಗ್ರೈಪ್ ವಾಟರ್. ಆರನೆಯದು ‘ಡಿ’ ಜೀವಸತ್ವದ ಹನಿಗಳು.

“ನೋಡಿ ಡಾಕ್ಟ್ರೇ, ನಾನು ಐದು ಹೆತ್ತಿದ್ದೀನಿ. ಒಂದಕ್ಕೂ ಒಂದು ಹನಿ ಟಾನಿಕ್ ಹಾಕಿದವಳಲ್ಲ. ಎದೆಹಾಲೇ ಅಮೃತ ಅಂತ ನೀವೇ ಹೇಳ್ತೀರಿ. ಮತ್ತೆ ಇದೆಲ್ಲ ಯಾಕೆ?” ಎಂದು ಅಜ್ಜಿ ಕೇಳಿದರು. ಮಗಳಿಗೆ ಮಾತ್ರ ಆತಂಕ. “ಪಕ್ಕದ ಮನೆ ಮಗುವಿಗೆ ಇದನ್ನೆಲ್ಲ ಕೊಡ್ತಾರೆ ಡಾಕ್ಟ್ರೇ. ಕೊಡದಿದ್ದರೆ ನಮ್ಮ ಮಗು ಹಿಂದೆ ಬೀಳೋದಿಲ್ವೆ?”

ಅಜ್ಜಿಯ ಪ್ರಶ್ನೆಯೂ ಸರಿ, ಮಗಳ ಆತಂಕವೂ ಸಹಜ. ಆರು ಬಾಟಲಿಗಳಲ್ಲಿ ಐದನ್ನು ಚೀಲಕ್ಕೆ ಹಾಕಿ ಹಿಂದಕ್ಕೆ ಕೊಟ್ಟೆ. ಒಂದನ್ನು ಮಾತ್ರ ಮೇಜಿನ ಮೇಲೆ ಉಳಿಸಿಕೊಂಡೆ. ಯಾವುದನ್ನು, ಏಕೆ ಎಂಬುದೇ ಈ ವಾರದ ವಿಷಯ.

ಎದೆಹಾಲಿಗೆ ಸಾಟಿಯಿಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಮೊದಲ ಆರು ತಿಂಗಳು ಕೂಸಿಗೆ ಆಹಾರವಾಗಿ ಎದೆಹಾಲೊಂದೇ ಸಾಕು. ಹಸುವಿನ ಹಾಲು, ಡಬ್ಬಿಯ ಹಾಲಿನ ಪುಡಿ, ಸಕ್ಕರೆ ನೀರು, ಜೇನುತುಪ್ಪ ಯಾವುದೂ ಬೇಡ. ಬೇಸಿಗೆಯಲ್ಲೂ ನೀರು ಬೇಡ. ಏಕೆಂದರೆ ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2001ರಿಂದ ಹೇಳುತ್ತ ಬಂದಿರುವುದೂ ಇದನ್ನೇ: ಆರು ತಿಂಗಳು ಕೇವಲ ಎದೆಹಾಲು, ಅನಂತರ ಮೇಲಾಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು.

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಗಟ್ಟಿಯಾದ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಹಳದಿ ಬಣ್ಣ ‘ಎ’ ಜೀವಸತ್ವದ ಮೂಲವಾದ ಕ್ಯಾರೊಟಿನ್‌ನಿಂದ ಬಂದದ್ದು. ರೋಗಗಳನ್ನು ತಡೆಯುವ ಅಂಶಗಳೂ ಅದರಲ್ಲಿ ಹೇರಳ. ಕೂಸಿಗೆ ಸಿಗುವ ಮೊದಲ ಟಾನಿಕ್ ಯಾವುದು ಎಂದು ಕೇಳಿದರೆ, ಅದೇ ಈ ಹಳದಿ ಹಾಲು. ಅದನ್ನು ಚೆಲ್ಲಿ ಅಂಗಡಿಯಿಂದ ಟಾನಿಕ್ ತರುವುದು ಎಂಥ ವಿಪರ್ಯಾಸ!

ಹಾಗಿದ್ದರೆ ಹನಿಗಳ ಮಾತೇಕೆ ಎಂದು ನೀವು ಕೇಳಬಹುದು. ಎದೆಹಾಲಿನಲ್ಲಿರುವ ಅಂಶಗಳನ್ನು ಎರಡು ಗುಂಪಾಗಿ ನೋಡಿದರೆ ಉತ್ತರ ಸಿಗುತ್ತದೆ.

ಮೊದಲ ಗುಂಪಿನವು ತಾಯಿ ಏನೇ ಉಂಡರೂ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಸುಣ್ಣಾಂಶ, ಕಬ್ಬಿಣ, ಸತು ಈ ಗುಂಪಿಗೆ ಸೇರಿದವು. ತಾಯಿಯ ಊಟದಲ್ಲಿ ಸುಣ್ಣಾಂಶ ಕಡಿಮೆಯಾದರೆ ದೇಹವು ಅವಳ ಮೂಳೆಯಿಂದ ತೆಗೆದು ಹಾಲಿಗೆ ಕೊಡುತ್ತದೆ. ನಷ್ಟವಾಗುವುದು ತಾಯಿಗೆ, ಮಗುವಿಗಲ್ಲ.

ಎರಡನೆಯ ಗುಂಪಿನವು ತಾಯಿಯ ತಟ್ಟೆಯನ್ನು ಅವಲಂಬಿಸಿವೆ. ‘ಎ’ ಜೀವಸತ್ವ, ‘ಬಿ1’, ‘ಬಿ12’, ಅಯೋಡಿನ್ ಇಂಥವು. ತಾಯಿಯ ಊಟದಲ್ಲಿ ಇವು ಇಲ್ಲವಾದರೆ ಹಾಲಿನಲ್ಲೂ ಇಲ್ಲವಾಗುತ್ತವೆ. ಆಗ ತೊಂದರೆ ನೇರವಾಗಿ ಕೂಸಿಗೆ.

ಇವೆರಡರ ಹೊರಗೆ, ತಾಯಿ ಚೆನ್ನಾಗಿ ಉಂಡರೂ ಹಾಲಿನಲ್ಲಿ ಸಾಕಷ್ಟು ಇರದ ಎರಡು ಜೀವಸತ್ವಗಳಿವೆ: ‘ಕೆ’ ಮತ್ತು ‘ಡಿ’.

ಹುಟ್ಟಿದ ದಿನ ಒಂದು ಚುಚ್ಚುಮದ್ದು

‘ಕೆ’ ಜೀವಸತ್ವ ರಕ್ತ ಹೆಪ್ಪುಗಟ್ಟಲು ಬೇಕಾದದ್ದು. ಇದು ತಾಯಿಯ ದೇಹದಿಂದ ಗರ್ಭದಲ್ಲಿರುವ ಶಿಶುವಿಗೆ ದಾಟುವುದು ಅತ್ಯಲ್ಪ. ಎದೆಹಾಲಿನಲ್ಲೂ ಅದು ಕಡಿಮೆ. ಆದ್ದರಿಂದ ಹುಟ್ಟಿದ ಕೂಡಲೇ ಮಗುವಿನ ತೊಡೆಗೆ 1 ಮಿಲಿಗ್ರಾಂ ‘ಕೆ’ ಜೀವಸತ್ವದ ಚುಚ್ಚುಮದ್ದು ಕೊಡುವುದು ಕ್ರಮ. ತೀರ ಕಡಿಮೆ ತೂಕದ ಶಿಶುವಿಗೆ ಅದರ ಅರ್ಧ. ಒಂದೇ ಒಂದು ಚುಚ್ಚುಮದ್ದು. ಆದರೆ ಅದು ತಪ್ಪಿದರೆ, ನೋಡಲು ಗುಂಡುಗುಂಡಾಗಿರುವ ಮಗುವಿಗೂ ಎರಡನೆಯ ವಾರದಿಂದ ಮೂರನೆಯ ತಿಂಗಳ ನಡುವೆ ಹಠಾತ್ತನೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ.

ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಬಿಡುಗಡೆ ಚೀಟಿಯಲ್ಲಿ ಈ ಚುಚ್ಚುಮದ್ದು ಕೊಟ್ಟ ಬಗ್ಗೆ ಬರೆದಿದೆಯೇ ಎಂದು ನೋಡಿ. ಇಲ್ಲದಿದ್ದರೆ ಕೇಳಿ. ಮನೆಯಲ್ಲೋ ದಾರಿಯಲ್ಲೋ ಹೆರಿಗೆಯಾಗಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಹೊಕ್ಕುಳಿನಿಂದ ರಕ್ತ ಒಸರುವುದು, ಮಲದಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆಗಳು, ಇದ್ದಕ್ಕಿದ್ದಂತೆ ಮಗು ಮಂಕಾಗಿ ಹಾಲು ಬಿಡುವುದು ಇವು ಅಪಾಯದ ಸೂಚನೆಗಳು.

ಬಿಸಿಲಿನ ನಾಡಿನಲ್ಲಿ ‘ಡಿ’ ಕೊರತೆ

ನಾನು ಮೇಜಿನ ಮೇಲೆ ಉಳಿಸಿಕೊಂಡ ಬಾಟಲಿ ‘ಡಿ’ ಜೀವಸತ್ವದ ಹನಿಗಳದು. ಲೆಕ್ಕ ಸರಳವಾಗಿದೆ. ಕೂಸಿಗೆ ದಿನಕ್ಕೆ ಬೇಕಾದದ್ದು 400 ಯೂನಿಟ್. ಸಾಮಾನ್ಯವಾಗಿ ಒಂದು ಲೀಟರ್ ಎದೆಹಾಲಿನಲ್ಲಿ ಇರುವುದು 50 ಯೂನಿಟ್‌ಗಿಂತಲೂ ಕಡಿಮೆ. ಕೂಸು ದಿನಕ್ಕೆ ಕುಡಿಯುವುದು ಸುಮಾರು ಮುಕ್ಕಾಲು ಲೀಟರ್. ಎಂದರೆ ಅಗತ್ಯದ ಹತ್ತನೆಯ ಒಂದು ಭಾಗವೂ ಹಾಲಿನಿಂದ ಸಿಗದು.

ಇದು ಎದೆಹಾಲಿನ ದೋಷವಲ್ಲ. ಪ್ರಕೃತಿ ಈ ಜೀವಸತ್ವವನ್ನು ಹಾಲಿನಲ್ಲಿ ಇಡದೆ ಬಿಸಿಲಿನಲ್ಲಿ ಇಟ್ಟಿದೆ. ಚರ್ಮಕ್ಕೆ ಬಿಸಿಲು ಬಿದ್ದಾಗ ದೇಹವೇ ‘ಡಿ’ ತಯಾರಿಸಿಕೊಳ್ಳುತ್ತದೆ. ಆದರೆ ನಮ್ಮ ಬಾಣಂತಿ ಕೋಣೆಯನ್ನು ನೆನಪಿಸಿಕೊಳ್ಳಿ. ಕಿಟಕಿ ಮುಚ್ಚಿದೆ, ಪರದೆ ಎಳೆದಿದೆ. ತಾಯಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕೂಸಿಗೆ ಕುಲಾವಿ, ಮೈತುಂಬ ಸುತ್ತಿದ ಬಟ್ಟೆ. ಬಸಿರಿನಲ್ಲಿ ಮನೆಯೊಳಗೇ ಇದ್ದ ತಾಯಿಗೇ ‘ಡಿ’ ಕೊರತೆ ಇದ್ದರೆ ಕೂಸು ಹುಟ್ಟುವಾಗಲೇ ಬರಿಗೈಯಲ್ಲಿ ಬಂದಿರುತ್ತದೆ.

“ಬೆಳಿಗ್ಗೆ ಏಳು ಗಂಟೆಗೆ ಎಳೆಬಿಸಿಲಿಗೆ ಹಿಡೀತೀವಲ್ಲ” ಎಂದು ಹಲವರು ಹೇಳುತ್ತಾರೆ. ಎಳೆಬಿಸಿಲು ಬೆಚ್ಚಗೆ ಹಿತವಾಗಿರುವುದು ನಿಜ. ಆದರೆ ‘ಡಿ’ ತಯಾರಿಸುವ ಕಿರಣಗಳು ಓರೆಯಾಗಿ ಬೀಳುವ ಬಿಸಿಲಿನಲ್ಲಿ ಅತ್ಯಲ್ಪ. ಅವು ಹೆಚ್ಚಾಗಿ ಸಿಗುವುದು ಹತ್ತು ಗಂಟೆಯ ಮೇಲೆ. ಆ ಹೊತ್ತಿನ ಬಿಸಿಲಿಗೆ ಹಸುಗೂಸಿನ ಬರಿಮೈ ಒಡ್ಡುವುದು ಸರಿಯಲ್ಲ. ಜೊತೆಗೆ ನಮ್ಮ ಕಂದು ಮೈಬಣ್ಣಕ್ಕೆ ಬಿಸಿಲು ಹೆಚ್ಚು ಹೊತ್ತು ಬೇಕು. ಹೀಗಾಗಿ ಹನಿಗಳೇ ಭದ್ರವಾದ ದಾರಿ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2021ರ ಮಾರ್ಗಸೂಚಿಯೂ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ಕೊಡಬೇಕು ಎನ್ನುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಆರಂಭಿಸಿ ಮಗುವಿಗೆ ವರ್ಷ ತುಂಬುವವರೆಗೆ ಕೊಡಿ.

ಕೊಡದಿದ್ದರೆ ಏನಾಗುತ್ತದೆ? ಎಲ್ಲ ಮಕ್ಕಳಿಗೂ ತೊಂದರೆಯಾಗದು. ಆದರೆ ಕೊರತೆ ತೀವ್ರವಾದ ಮಗುವಿನಲ್ಲಿ ತಲೆಬುರುಡೆ ಮೆತ್ತಗಾಗುತ್ತದೆ, ನೆತ್ತಿ ಬೇಗ ಕೂಡಿಕೊಳ್ಳುವುದಿಲ್ಲ, ಮಣಿಕಟ್ಟು ದಪ್ಪವಾಗುತ್ತದೆ, ನಡೆಯುವ ಹೊತ್ತಿಗೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಇದೇ ‘ರಿಕೆಟ್ಸ್’ ಎಂಬ ಮೂಳೆಯ ರೋಗ. ಕೆಲವು ಕೂಸುಗಳಲ್ಲಿ ರಕ್ತದ ಸುಣ್ಣಾಂಶ ಕುಸಿದು ಫಿಟ್ಸ್ ಬರುವುದೂ ಉಂಟು. ಅದನ್ನು ಗಾಳಿಸೋಂಕು ಎಂದು ತಿಳಿದು ತಾಯಿತ ಕಟ್ಟಿಸುತ್ತ ಕೂತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಹನಿಗಳಲ್ಲೂ ಎಚ್ಚರ ಬೇಕು

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಹನಿಗಳೆಲ್ಲ ಒಂದೇ ಸಾಂದ್ರತೆಯವಲ್ಲ. ಕೆಲವದರಲ್ಲಿ 1 ಮಿಲಿಲೀಟರ್‌ಗೆ 400 ಯೂನಿಟ್, ಕೆಲವದರಲ್ಲಿ 800 ಯೂನಿಟ್ ಇರುತ್ತದೆ. ಒಂದು ಬಾಟಲಿ ಮುಗಿದು ಬೇರೆ ಕಂಪೆನಿಯದು ತಂದಾಗ ಹಳೆಯ ಅಳತೆಯಲ್ಲೇ ಕೊಡಬೇಡಿ. ಚೀಟಿ ಓದಿ, ತಿಳಿಯದಿದ್ದರೆ ವೈದ್ಯರಿಗೆ ಬಾಟಲಿಯನ್ನೇ ತೋರಿಸಿ. ಬಾಟಲಿಯ ಜೊತೆಗೆ ಬರುವ ಡ್ರಾಪರ್‌ನಿಂದಲೇ ಅಳೆಯಿರಿ, ಚಮಚದಿಂದಲ್ಲ.

ದೊಡ್ಡವರು ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್‌ನ ಪುಡಿ ಅಥವಾ ಪುಟ್ಟ ಬಾಟಲಿಗಳು ಈಗ ಬಹಳ ಮನೆಗಳಲ್ಲಿವೆ. ಅದು ಕೂಸಿನ 150 ದಿನಗಳ ಪ್ರಮಾಣ! ತಪ್ಪು ತಿಳಿವಳಿಕೆಯಿಂದ ಅದನ್ನು ದಿನವೂ ಕೂಸಿಗೆ ಕೊಟ್ಟು, ವಾಂತಿ, ಮಲಬದ್ಧತೆ, ನಿರ್ಜಲತೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ. ಹೆಚ್ಚಾದ ‘ಡಿ’ ರಕ್ತದಲ್ಲಿ ಸುಣ್ಣಾಂಶವನ್ನು ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಒಳ್ಳೆಯದು ಜಾಸ್ತಿಯಾದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಔಷಧಿಗೆ ಸಲ್ಲದು.

ಕಬ್ಬಿಣದ ಗಂಟು ಆರು ತಿಂಗಳಿಗೆ

ಎದೆಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ. ಲೀಟರ್‌ಗೆ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಆದರೆ ಇರುವಷ್ಟು ಕಬ್ಬಿಣವನ್ನು ಕೂಸಿನ ಕರುಳು ಹಸುವಿನ ಹಾಲಿನ ಕಬ್ಬಿಣಕ್ಕಿಂತ ಬಹಳ ಚೆನ್ನಾಗಿ ಹೀರಿಕೊಳ್ಳುತ್ತದೆ. ಜೊತೆಗೆ ದಿನ ತುಂಬಿ ಹುಟ್ಟಿದ ಮಗು ತಾಯಿಯಿಂದ ಒಂದು ಗಂಟು ಕಟ್ಟಿಕೊಂಡೇ ಬಂದಿರುತ್ತದೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಶಿಶುವಿನ ದೇಹದಲ್ಲಿ ಕೂಡಿಡಲಾದ ಕಬ್ಬಿಣ ನಾಲ್ಕರಿಂದ ಆರು ತಿಂಗಳವರೆಗೆ ಸಾಕಾಗುತ್ತದೆ. ಆದ್ದರಿಂದ ಆರೋಗ್ಯವಾಗಿರುವ, ದಿನ ತುಂಬಿದ, ಸರಿಯಾದ ತೂಕದ ಮಗುವಿಗೆ ನಮ್ಮಲ್ಲಿ ಆರು ತಿಂಗಳವರೆಗೆ ಕಬ್ಬಿಣದ ಟಾನಿಕ್ ಕೊಡುವ ರೂಢಿಯಿಲ್ಲ.

ಆರು ತಿಂಗಳಾದ ಮೇಲೆ ಗಂಟು ಬರಿದಾಗುತ್ತದೆ. ಮಗು ಬೆಳೆಯುವ ವೇಗವೋ ಅಪಾರ. ಐದನೆಯ ತಿಂಗಳ ಸುಮಾರಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ಇಲ್ಲಿಯೇ ನಾವು ಸೋಲುತ್ತಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲೂ ಸುಮಾರು 65. ರಕ್ತಹೀನತೆ ಎಂದರೆ ಬರೀ ಬಿಳಿಚಿಕೊಳ್ಳುವುದಲ್ಲ. ಮಿದುಳು ವೇಗವಾಗಿ ಬೆಳೆಯುವ ಈ ಕಾಲದಲ್ಲಿ ಕಬ್ಬಿಣ ಸಾಲದಿದ್ದರೆ ಮಗುವಿನ ಕಲಿಕೆ, ಚುರುಕುತನಕ್ಕೆ ಪೆಟ್ಟು ಬೀಳುತ್ತದೆ. ಮುಂದೆ ಎಷ್ಟು ಟಾನಿಕ್ ಕೊಟ್ಟರೂ ಆ ನಷ್ಟ ಪೂರ್ತಿ ತುಂಬದಿರಬಹುದು.

ಏನು ಮಾಡಬೇಕು? ಆರು ತಿಂಗಳು ತುಂಬಿದ ಕೂಡಲೇ ಎದೆಹಾಲಿನ ಜೊತೆಗೆ ಮೇಲಾಹಾರ ಆರಂಭಿಸಿ. ರಾಗಿ ಸರಿ ನಮ್ಮ ಹಿರಿಯರು ಕೊಟ್ಟ ಒಳ್ಳೆಯ ಆಹಾರ, ಅದರಲ್ಲಿ ಸುಣ್ಣಾಂಶ ಹೇರಳ. ಆದರೆ ಕಬ್ಬಿಣಕ್ಕೆ ಅದೊಂದನ್ನೇ ನಂಬಬೇಡಿ. ಚೆನ್ನಾಗಿ ಬೆಂದ ಹೆಸರುಬೇಳೆ, ನುಣ್ಣಗೆ ಅರೆದ ಸೊಪ್ಪು, ತಿನ್ನುವ ಮನೆಯವರಾದರೆ ಮೊಟ್ಟೆ, ಮೀನು, ಅರೆದ ಮಾಂಸ ಅಥವಾ ಈಲಿ ಕೊಡಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಬೇಳೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಮಗುವಿಗೆ ಕಾಫಿ ಟೀ ಬೇಡವೇ ಬೇಡ. ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ಮುಖ್ಯ ಆಹಾರ ಮಾಡಬೇಡಿ. ಅದರಲ್ಲಿ ಕಬ್ಬಿಣವೂ ಕಡಿಮೆ, ಎಳೆಯ ಕರುಳಿನಿಂದ ರಕ್ತ ಸೋರುವಂತೆಯೂ ಮಾಡಬಲ್ಲದು.

ಇದರ ಜೊತೆಗೆ ಸರಕಾರದ ‘ಅನೀಮಿಯ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ, ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ಉಚಿತವಾಗಿ ಕೊಡುತ್ತಾರೆ. ಇದರಲ್ಲಿ 20 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಸಿರಪ್ ಕೊಟ್ಟಾಗ ಮಲ ಕಪ್ಪಗಾದರೆ ಗಾಬರಿಯಾಗಬೇಡಿ. ಬಾಟಲಿಯನ್ನೂ, ತಾಯಿಯ ಕಬ್ಬಿಣದ ಮಾತ್ರೆಗಳನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ. ಮಿಠಾಯಿ ಎಂದು ತಿಳಿದು ಮಗು ಅವನ್ನು ಒಟ್ಟಿಗೆ ನುಂಗಿದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು ವಿಷಯ. ಹುಟ್ಟಿದ ತಕ್ಷಣ ಹೊಕ್ಕುಳ ಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ತಡೆದರೆ ಹೆಚ್ಚಿನ ರಕ್ತ ಮಗುವಿಗೆ ಹರಿದು ಅದರ ಕಬ್ಬಿಣದ ಗಂಟು ದೊಡ್ಡದಾಗುತ್ತದೆ. ಬಸಿರಿಯರು ಈ ಬಗ್ಗೆ ಹೆರಿಗೆ ವೈದ್ಯರಲ್ಲಿ ಮೊದಲೇ ವಿಚಾರಿಸಬಹುದು.

ಬಾಣಂತಿಯ ಪಥ್ಯ, ಕೂಸಿನ ಹೃದಯ

ಈಗ ತಾಯಿಯ ತಟ್ಟೆಗೆ ಬರೋಣ. ಅಜ್ಜಿಯರೇ, ಇದನ್ನು ನೀವು ವಿಶೇಷವಾಗಿ ಓದಬೇಕು.

ನಮ್ಮ ಅನೇಕ ಮನೆಗಳಲ್ಲಿ ಬಾಣಂತಿಗೆ ಕೊಡುವುದು ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಬೇಳೆ ವಾಯು, ತರಕಾರಿ ನಂಜು, ಹಣ್ಣು ಶೀತ, ಮೊಸರು ಬೇಡ ಎಂದು ಒಂದೊಂದಾಗಿ ತೆಗೆದುಹಾಕುತ್ತಾರೆ. ತಿಂಗಳು, ಎರಡು ತಿಂಗಳು, ಕೆಲವೆಡೆ ಇನ್ನೂ ಹೆಚ್ಚು ಕಾಲ ಇದೇ ಪಥ್ಯ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ‘ಬಿ1’ ಜೀವಸತ್ವ ತೌಡಿನೊಂದಿಗೆ ಹೊರಟುಹೋಗಿರುತ್ತದೆ. ಉಳಿದದ್ದು ಮೂರು ನಾಲ್ಕು ಬಾರಿ ತೊಳೆದಾಗ, ಗಂಜಿ ಬಸಿದಾಗ ಹೋಗುತ್ತದೆ. ದೇಹದಲ್ಲಿ ಈ ಜೀವಸತ್ವದ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಕು. ಮೇಲೆ ಊಟವಾದ ಕೂಡಲೇ ಎಲೆ ಅಡಿಕೆ. ಅಡಿಕೆಯಲ್ಲಿರುವ ಅಂಶಗಳು ‘ಬಿ1’ ದೇಹಕ್ಕೆ ದಕ್ಕದಂತೆ ಮಾಡುತ್ತವೆ.

ಪರಿಣಾಮ? ತಾಯಿಗೆ ಕೈಕಾಲು ಜುಮುಗುಟ್ಟಬಹುದು, ಇಲ್ಲವೇ ಏನೂ ತಿಳಿಯದಿರಬಹುದು. ಆದರೆ ಅವಳ ಹಾಲನ್ನೇ ನಂಬಿದ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಏದುಸಿರು ಬಿಡತೊಡಗುತ್ತದೆ. ಹಾಲು ಕುಡಿಯುವುದಿಲ್ಲ, ವಾಂತಿ ಮಾಡುತ್ತದೆ, ಒಂದೇ ಸಮನೆ ಅಳುತ್ತದೆ. ಅಳುವಿನ ಧ್ವನಿ ಒಡೆದು ಕ್ಷೀಣವಾಗುತ್ತದೆ. ಕಫ ಎಂದೋ ನ್ಯುಮೋನಿಯಾ ಎಂದೋ ತಿಳಿಯುವಷ್ಟರಲ್ಲಿ ಹೃದಯ ಸೋಲುತ್ತದೆ. ಇದು ಶಿಶುಗಳ ಬೆರಿಬೆರಿ. ಪುಸ್ತಕಗಳಲ್ಲಷ್ಟೇ ಉಳಿದಿದೆ ಎಂದು ನಾವು ತಿಳಿದಿದ್ದ ಈ ಕಾಯಿಲೆ ನಮ್ಮ ನಡುವೆಯೇ ಇದೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಕೂಸುಗಳನ್ನೇ ವಿವರಿಸಿದ್ದಾರೆ. ಬರೀ ಎದೆಹಾಲು ಕುಡಿಯುತ್ತಿದ್ದ ಕೂಸುಗಳು, ಪಾಲಿಶ್ ಅಕ್ಕಿಯ ಪಥ್ಯದಲ್ಲಿದ್ದ ತಾಯಂದಿರು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಹೃದಯ ಹಿಗ್ಗಿತ್ತು. ‘ಬಿ1’ ಚುಚ್ಚುಮದ್ದು ಕೊಟ್ಟಾಗ ಹೆಚ್ಚಿನವು ಬೇಗನೆ ಚೇತರಿಸಿಕೊಂಡವು. ಕೆಲವೇ ರೂಪಾಯಿಯ ಔಷಧಿ, ಸಕಾಲದಲ್ಲಿ ಸಿಕ್ಕರೆ ಜೀವ ಉಳಿಸುತ್ತದೆ.

ಇಲ್ಲಿ ಕೂಸಿಗೆ ಟಾನಿಕ್ ಹಾಕುವುದಕ್ಕಿಂತ ತಾಯಿಗೆ ಊಟ ಹಾಕುವುದೇ ನಿಜವಾದ ಪರಿಹಾರ. ಬೇಳೆ, ಹೆಸರುಕಾಳು, ರಾಗಿ, ಗೋಧಿ, ಶೇಂಗಾ, ಎಳ್ಳು ಇವೆಲ್ಲದರಲ್ಲಿ ‘ಬಿ1’ ಇದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಅದು ಬಿಳಿ ಅಕ್ಕಿಗಿಂತ ಹೆಚ್ಚು ಉಳಿದಿರುತ್ತದೆ. ನಮ್ಮ ಹಳೆಯ ಬಾಣಂತನದಲ್ಲಿ ಒಳ್ಳೆಯದೂ ಬಹಳಷ್ಟಿದೆ. ಅಂಟಿನುಂಡೆ, ಮೆಂತ್ಯ, ಸಬ್ಬಸಿಗೆ ಸೊಪ್ಪು, ಉತ್ತರ ಕರ್ನಾಟಕದ ಅಳವಿ ಪಾಯಸ ಇವನ್ನು ಬಿಡಬೇಡಿ. ಬಿಡಬೇಕಾದದ್ದು ‘ಇದು ಬೇಡ, ಅದು ಬೇಡ’ ಎಂಬ ಪಟ್ಟಿಯನ್ನು. ಬಾಣಂತಿ ಬೇಳೆ ತಿಂದರೆ ಕೂಸಿಗೆ ವಾಯುವಾಗುವುದಿಲ್ಲ. ಹಣ್ಣು ತಿಂದರೆ ಶೀತವಾಗುವುದಿಲ್ಲ.

ಸಸ್ಯಾಹಾರಿ ತಾಯಂದಿರಿಗೆ ಒಂದು ಮಾತು

‘ಬಿ12’ ಜೀವಸತ್ವ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಸೊಪ್ಪು ತರಕಾರಿಗಳಲ್ಲಿ ಇದಿಲ್ಲ. ಶುದ್ಧ ಸಸ್ಯಾಹಾರಿಯಾದ, ಹಾಲು ಮೊಸರನ್ನೂ ಹೆಚ್ಚು ಬಳಸದ ತಾಯಿಯ ಎದೆಹಾಲಿನಲ್ಲಿ ‘ಬಿ12’ ಕಡಿಮೆಯಾಗುತ್ತದೆ. 1962ರಷ್ಟು ಹಿಂದೆಯೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇಂಥ ತಾಯಂದಿರ ಹಾಲು ಕುಡಿದ ಕೂಸುಗಳ ಕಾಯಿಲೆಯನ್ನು ವಿವರಿಸಿದ್ದರು. ಆರು ತಿಂಗಳ ಆಸುಪಾಸಿನಲ್ಲಿ, ನೋಡಲು ತುಂಬಿಕೊಂಡಂತಿದ್ದ ಮಗು ನಗುವುದನ್ನು ಬಿಡುತ್ತದೆ. ನಿಂತಿದ್ದ ಕುತ್ತಿಗೆ ಮತ್ತೆ ಬೀಳುತ್ತದೆ. ಬಿಳಿಚಿಕೊಳ್ಳುತ್ತದೆ, ಬೆರಳ ಗಿಣ್ಣುಗಳು ಕಪ್ಪಾಗುತ್ತವೆ, ಕೈಕಾಲು ನಡುಗುತ್ತದೆ.

ಕಲಿತದ್ದನ್ನು ಮಗು ಮರೆಯುತ್ತಿದೆ ಎನಿಸಿದರೆ ಒಂದು ದಿನವೂ ಕಾಯಬೇಡಿ. ಬೇಗ ‘ಬಿ12’ ಕೊಟ್ಟರೆ ಮಗು ಮತ್ತೆ ನಗುತ್ತದೆ. ತಡವಾದರೆ ಮಿದುಳಿಗಾದ ಹಾನಿ ಉಳಿದುಬಿಡಬಹುದು. ಸಸ್ಯಾಹಾರಿ ತಾಯಂದಿರು ಬಸಿರಿನಲ್ಲೂ ಬಾಣಂತನದಲ್ಲೂ ದಿನವೂ ಹಾಲು, ಮೊಸರು ಸೇವಿಸಬೇಕು. ‘ಬಿ12’ ಮಾತ್ರೆ ಬೇಕೇ ಎಂದು ವೈದ್ಯರಲ್ಲಿ ಕೇಳಬೇಕು.

ದಿನ ತುಂಬದ ಕೂಸಿನ ಮಾತೇ ಬೇರೆ

ಮೇಲೆ ಹೇಳಿದ್ದೆಲ್ಲ ದಿನ ತುಂಬಿ ಹುಟ್ಟಿದ ಮಗುವಿಗೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸು, ಅವಳಿ ಮಕ್ಕಳು ಕಬ್ಬಿಣದ ಗಂಟು ಕಟ್ಟಿಕೊಳ್ಳುವ ಮೊದಲೇ ಹೊರಟುಬಂದವರು. ಇವರಿಗೆ ಆರು ತಿಂಗಳು ಕಾಯದೆ ಮೊದಲ ಒಂದೆರಡು ತಿಂಗಳಲ್ಲೇ ತೂಕಕ್ಕೆ ತಕ್ಕಷ್ಟು ಕಬ್ಬಿಣ ಆರಂಭಿಸಬೇಕಾಗುತ್ತದೆ. ತೀರ ಸಣ್ಣ ಕೂಸಿಗೆ ಸುಣ್ಣಾಂಶ, ರಂಜಕವೂ ಬೇಕಾಗಬಹುದು. ಇದನ್ನು ಮಕ್ಕಳ ವೈದ್ಯರೇ ನಿರ್ಧರಿಸಬೇಕು. ನಿಮ್ಮ ಮಗು ಇಂಥದ್ದಾದರೆ, ‘ಪತ್ರಿಕೆಯಲ್ಲಿ ಬೇಡ ಎಂದು ಬರೆದಿದ್ದಾರೆ’ ಎಂದು ಔಷಧಿ ನಿಲ್ಲಿಸಬೇಡಿ.

ತಾಯಂದಿರು ಕೇಳುವ ಪ್ರಶ್ನೆಗಳು

* ನಾನು ಕಬ್ಬಿಣದ ಮಾತ್ರೆ ನುಂಗಿದರೆ ಹಾಲಿನ ಮೂಲಕ ಮಗುವಿಗೆ ಸಿಗುತ್ತದೆಯೇ?

ಅಷ್ಟಾಗಿ ಇಲ್ಲ. ಆದರೆ ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ನಿಮಗೆ ಅದು ಬೇಕೇ ಬೇಕು. ಹೆರಿಗೆಯ ನಂತರ ಆರು ತಿಂಗಳು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಸರಕಾರವೇ ಉಚಿತವಾಗಿ ಕೊಡುತ್ತದೆ. ಎರಡನ್ನೂ ಒಂದೇ ಹೊತ್ತಿಗೆ ನುಂಗಬೇಡಿ.

* ನಾನೇ ‘ಡಿ’ ಮಾತ್ರೆ ತೆಗೆದುಕೊಂಡರೆ ಮಗುವಿಗೆ ಹನಿ ತಪ್ಪಿಸಬಹುದೇ?

ತಾಯಿ ದಿನಕ್ಕೆ 6,400 ಯೂನಿಟ್ ತೆಗೆದುಕೊಂಡರೆ ಹಾಲಿನಲ್ಲೇ ಮಗುವಿಗೆ ಸಾಕಷ್ಟು ಸಿಗುತ್ತದೆ ಎಂದು 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಅಷ್ಟು ದೊಡ್ಡ ಪ್ರಮಾಣವನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳುವುದು ಬೇಡ. ಮಗುವಿಗೆ ಹನಿ ಕೊಡುವುದೇ ಸುಲಭ.

* ಹಲ್ಲು ಬರಲು ಕ್ಯಾಲ್ಸಿಯಂ ಟಾನಿಕ್ ಬೇಡವೇ?

ಬೇಡ. ದಿನ ತುಂಬಿದ ಮಗುವಿಗೆ ಎದೆಹಾಲಿನ ಸುಣ್ಣಾಂಶವೇ ಸಾಕು. ಅದನ್ನು ಬಳಸಿಕೊಳ್ಳಲು ಬೇಕಾದದ್ದು ‘ಡಿ’.

* ‘ಎ’ ಜೀವಸತ್ವದ ಹನಿ ಯಾವಾಗ?

ಒಂಬತ್ತನೆಯ ತಿಂಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಜೊತೆಗೆ ಮೊದಲ ಬಾರಿ. ಅನಂತರ ಒಂದೂವರೆ ವರ್ಷದಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ. ಇದು ಲಸಿಕಾ ಕೇಂದ್ರದಲ್ಲೇ ಸಿಗುತ್ತದೆ. ನೀವಾಗಿ ಕೊಡಬೇಡಿ.

* ಸತುವಿನ ಸಿರಪ್?

ಭೇದಿಯಾದಾಗ ಮಾತ್ರ, ವೈದ್ಯರು ಹೇಳಿದಂತೆ 14 ದಿನ. ಭೇದಿ ನಿಂತರೂ 14 ದಿನ ಪೂರ್ತಿ ಮಾಡಿ.

* ಅಮೆರಿಕದಲ್ಲಿರುವ ಮಗಳಿಗೆ ಅಲ್ಲಿಯ ವೈದ್ಯರು ನಾಲ್ಕನೆಯ ತಿಂಗಳಿಗೇ ಕಬ್ಬಿಣ ಹೇಳಿದ್ದಾರೆ. ನಾನು ಬಾಣಂತನಕ್ಕೆ ಬಂದಿದ್ದೇನೆ. ಯಾವುದು ಸರಿ?

ಎರಡೂ ಸರಿ. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ನಾಲ್ಕು ತಿಂಗಳಿಂದಲೇ ಕಬ್ಬಿಣ ಕೊಡುವುದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಅಲ್ಲಿರುವಾಗ ಅಲ್ಲಿಯ ವೈದ್ಯರ ಮಾತನ್ನೇ ಪಾಲಿಸಿ.

* ನನ್ನ ಹಾಲು ತೆಳ್ಳಗೆ ನೀರಿನಂತಿದೆ. ಸತ್ವ ಇದೆಯೇ?

ಇದೆ. ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದು ಗಟ್ಟಿ. ಮಗುವಿಗೆ ಎರಡೂ ಬೇಕು. ದಿನಕ್ಕೆ ಆರು ಬಾರಿಗಿಂತ ಹೆಚ್ಚು ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಅರ್ಥ.

ನೆನಪಿಡಿ

* ಹುಟ್ಟಿದ ದಿನ: ‘ಕೆ’ ಜೀವಸತ್ವದ ಒಂದು ಚುಚ್ಚುಮದ್ದು.
* ಮೊದಲ ವಾರದಿಂದ ವರ್ಷದವರೆಗೆ: ದಿನಕ್ಕೆ 400 ಯೂನಿಟ್ ‘ಡಿ’.
* ಆರು ತಿಂಗಳಿಂದ: ಕಬ್ಬಿಣವಿರುವ ಮೇಲಾಹಾರ, ವಾರಕ್ಕೆರಡು ಬಾರಿ ಕಬ್ಬಿಣದ ಸಿರಪ್.
* ಒಂಬತ್ತನೆಯ ತಿಂಗಳಿಂದ: ಲಸಿಕಾ ಕೇಂದ್ರದಲ್ಲಿ ‘ಎ’.
* ಮಲ್ಟಿವಿಟಮಿನ್, ಹಸಿವಿನ ಔಷಧಿ, ಗ್ರೈಪ್ ವಾಟರ್: ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ.
* ಬಾಣಂತಿಗೆ: ಬೇಳೆ, ಕಾಳು, ಸೊಪ್ಪು, ಹಣ್ಣು, ಹಾಲು, ಮೊಸರು, ಅಯೋಡಿನ್ ಉಪ್ಪು ಇರುವ ಹೊಟ್ಟೆತುಂಬ ಊಟ.

ಅಂದು ಇಷ್ಟನ್ನೂ ಕೇಳಿಸಿಕೊಂಡ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದ್ರೆ ನನ್ನ ಮಗಳಿಗೆ ನಾಳೆಯಿಂದ ತೊವ್ವೆ ಹಾಕಬಹುದಾ?” ಎಂದು ಕೇಳಿದರು. “ನಾಳೆಯಿಂದಲ್ಲ ಅಮ್ಮಾ, ಇವತ್ತು ರಾತ್ರಿಯಿಂದಲೇ ಹಾಕಿ. ಸೊಪ್ಪನ್ನೂ ಸೇರಿಸಿ” ಎಂದೆ. ಬಾಣಂತಿಯ ಮುಖದಲ್ಲಿ ಅಂದು ಮೊದಲ ಬಾರಿಗೆ ನಗು ಕಂಡಿತು.